ಬಸಿದ ನೀರು

ಸೊಪ್ಪು, ಕಾಳು ಒಟ್ಟಿಗೆ ಬೆಂದ ನೀರಿಗೆ ಒಂದು ಬಣ್ಣವಿದೆ. ಹಸಿರು ಎನ್ನೋಣವೆಂದರೆ ಪೂರ್ತಿ ಹಸಿರಲ್ಲ, ಹಳದಿಯೂ ಅಲ್ಲ. ಮಳೆ ನಿಂತು ನಾಲ್ಕು ದಿನಕ್ಕೆ ತಿಳಿಯಾದ ಕಟ್ಟೆಯ ನೀರನ್ನು ಬೊಗಸೆಯಲ್ಲಿ ಹಿಡಿದರೆ ಕಾಣುತ್ತದಲ್ಲ, ಅದಕ್ಕೆ ಹತ್ತಿರ. ಹೆಸರುಕಾಳು ಹಾಕಿದ್ದರೆ ತಿಳಿ, ಅಲಸಂದೆಯಾದರೆ ಕೊಂಚ ಕೆಂಪು, ಹುರುಳಿಯಾದರೆ ಕಾಫಿ ಡಿಕಾಕ್ಷನ್ನಿಗೆ ನೀರು ಬೆರೆಸಿದ ಹಾಗೆ. ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಎರಡು ಕಡೆಯೂ ಮಸಿಬಟ್ಟೆ ಹಿಡಿದು ಮೆಲ್ಲಗೆ ಬಗ್ಗಿಸಿದರೆ ತಟ್ಟೆಯಂಚಿನ ಸಂದಿನಿಂದ ಆ ನೀರು ಇನ್ನೊಂದು ಪಾತ್ರೆಗೆ ಎಳೆಯಾಗಿ ಇಳಿಯುತ್ತದೆ. ಮುಖಕ್ಕೆ ಆವಿ ಬಡಿಯುತ್ತದೆ. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹೊಲದ ಬದುವಿನ ಮೇಲೆ ನಡೆದವರಿಗೆ ಆ ಆವಿಯ ವಾಸನೆ ಹೊಸದಲ್ಲ.

ನಮ್ಮ ಕಡೆ ಇದನ್ನು ಬಸಿಯುವುದು ಎನ್ನುತ್ತಾರೆ. ಬಸಿದ ನೀರು ಕಟ್ಟು. ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಬಸಿದ ಸಾರು. ಬಾಯಿಂದ ಬಾಯಿಗೆ ಸವೆದು ಬಸ್ಸಾರು. ತಟ್ಟೆಯ ಹಿಂದೆ ಪಾತ್ರೆಯಲ್ಲೇ ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಒಲೆ, ಒಂದೇ ಬೇಯುವಿಕೆ, ಊಟಕ್ಕೆ ಎರಡು ಅಡುಗೆ. ಮಂಡ್ಯ, ಮೈಸೂರು, ಹಾಸನ, ತುಮಕೂರು, ರಾಮನಗರ, ಕೋಲಾರದ ರಾಗಿ ಉಣ್ಣುವ ಮನೆಗಳಲ್ಲಿ ವಾರಕ್ಕೆ ಒಂದು ಸಲವಾದರೂ ಇದು ಆಗಲೇಬೇಕು. ಮದುವೆ ಮನೆಯ ಎಲೆಯಲ್ಲಿ ಇದನ್ನು ಕಂಡವರು ಕಡಿಮೆ. ನೆಂಟರು ಬಂದಾಗ ಮಾಡುವ ಅಡುಗೆಯೂ ಅಲ್ಲ. ನೆಂಟರು ಮೂರನೆಯ ದಿನವೂ ಉಳಿದುಕೊಂಡು ಮನೆಯವರೇ ಆದಾಗ ಅವರ ತಟ್ಟೆಗೆ ಬಸ್ಸಾರು ಬೀಳುತ್ತದೆ.

ಈ ಸಾರಿನ ಜೀವ ಇರುವುದು ಆ ನೀರಿನಲ್ಲಿ. ಬೇರೆ ಅಡುಗೆಯಲ್ಲಾದರೆ ಮೋರಿಗೆ ಹೋಗಬಹುದಾದ ನೀರು ಅದು. ನಮ್ಮ ಅವ್ವ ಅದನ್ನು ಬಸಿಯುವಾಗ ಮಾತಾಡುತ್ತಿರಲಿಲ್ಲ. ಒಂದು ತೊಟ್ಟು ಒಲೆಕಟ್ಟೆಯ ಮೇಲೆ ಚೆಲ್ಲಿದರೂ ನಾಲಿಗೆಯಲ್ಲಿ "ಚ್" ಎನ್ನುತ್ತಿದ್ದಳು.

ಸೊಪ್ಪಿನಿಂದಲೇ ಶುರುಮಾಡಬೇಕು. ಬಸ್ಸಾರಿಗೆ ಒಂದೇ ಜಾತಿಯ ಸೊಪ್ಪಾದರೂ ನಡೆಯುತ್ತದೆ. ದಂಟಿನ ಸೊಪ್ಪಿನದು ಸಿಹಿ ಸಿಹಿ, ಸಬ್ಬಸಿಗೆಯದು ಘಮ, ನುಗ್ಗೆ ಸೊಪ್ಪಿನದಕ್ಕೆ ಮೆಲ್ಲನೆಯ ಕಹಿ. ಆದರೆ ನನ್ನ ಮಟ್ಟಿಗೆ ಬಸ್ಸಾರು ಅಂದರೆ ಬೆರಕೆ ಸೊಪ್ಪಿನದು. ಮೈಸೂರಿನಲ್ಲಿ ನಮ್ಮ ಬೀದಿಯ ಮೂಲೆಗೆ ಬೆಳಗಿನ ಮೊದಲ ಬಸ್ಸಿನಲ್ಲಿ ಬಂದು ಗೋಣಿತಾಟು ಹಾಸಿ ಕೂರುವ ಒಬ್ಬ ಹೆಂಗಸಿದ್ದಾಳೆ. ಪಾಲಾಕು, ಮೆಂತ್ಯ, ಕೊತ್ತಂಬರಿ ಎದುರಿಗೆ ಜೋಡಿಸಿರುತ್ತಾಳೆ. ಬೆರಕೆ ಸೊಪ್ಪು ಮಾತ್ರ ಅವಳ ಬೆನ್ನ ಹಿಂದೆ, ಒದ್ದೆ ಬಟ್ಟೆಯೊಳಗೆ. ಕೇಳಿದವರಿಗೆ ಮಾತ್ರ ಅದು ಹೊರಗೆ ಬರುತ್ತದೆ.

"ಏನೇನದೆ ಇದ್ರಾಗೆ?"

"ಎಲ್ಲಾ ಅದೆ ಕಣವ್ವ. ಅಣ್ಣೆ, ಕಿರಕೀರೆ, ಗಣಿಕೆ, ಒಸಿ ಹೊನಗೊನ್ನೆ. ರಾತ್ರಿ ಸೋನೆ ಹಿಡಿದಿತ್ತಲ್ಲ, ನೋಡು ಎಂಗ್ ನಳನಳ ಅಂತದೆ."

ಇವು ಯಾವುವನ್ನೂ ಯಾರೂ ಬಿತ್ತಿದ್ದಲ್ಲ. ಅಣ್ಣೆ ಸೊಪ್ಪು ರಾಗಿ ಹೊಲದ ಕಳೆ. ಮುಂಗಾರಿನಲ್ಲಿ ರಾಗಿ ಬಿತ್ತಿ, ಪೈರು ಗೇಣುದ್ದ ಎದ್ದಾಗ ಕುಂಟೆ ಹೊಡೆದು ಕಳೆ ತೆಗೆಯಲು ಹೆಂಗಸರು ಸಾಲು ಹಿಡಿಯುತ್ತಾರೆ. ಕಿತ್ತ ಕಳೆಯಲ್ಲಿ ಉಣ್ಣುವುದು ಮಡಿಲಿಗೆ, ಉಣ್ಣದ್ದು ಬದುವಿಗೆ. ಕಣ್ಣು ನೋಡುವ ಮೊದಲೇ ಕೈ ಬೇರ್ಪಡಿಸಿರುತ್ತದೆ. ನಮ್ಮ ಅಜ್ಜಿಯ ಜೊತೆ ಹೊಲಕ್ಕೆ ಹೋದಾಗ ನಾನೂ ಕಿತ್ತು ತಂದು ಕೊಡುತ್ತಿದ್ದೆ. ನನ್ನ ಹಿಡಿಯಿಂದ ಅವಳು ಅರ್ಧವನ್ನು ಆರಿಸಿ ಎಸೆಯುತ್ತಿದ್ದಳು. ಯಾಕೆಂದು ಹೇಳುತ್ತಿರಲಿಲ್ಲ. ಎಸೆದದ್ದನ್ನು ನೋಡಿ ನೋಡಿಯೇ ನಾನು ಕಲಿತದ್ದು: ಗಣಿಕೆಯ ಎಲೆಗೆ ಅಂಚಿನಲ್ಲಿ ಅಲೆ ಇರುತ್ತದೆ, ಪುಟ್ಟ ಬಿಳಿ ಹೂವು, ಗೊಂಚಲು ಕಾಯಿ. ಹೊನಗೊನ್ನೆ ನೀರಿನ ತೇವ ಬಿಡುವುದಿಲ್ಲ, ಬದುವಿನ ತಗ್ಗಿನಲ್ಲೇ ಹಬ್ಬಿರುತ್ತದೆ. ಗೋಣಿ ಸೊಪ್ಪಿನ ಕಾಂಡ ಕೆಂಪು, ಎಲೆ ದಪ್ಪ, ಕಚ್ಚಿದರೆ ಹುಳಿ, ನಾಲಿಗೆಗೆ ಲೋಳೆ.

ನಮ್ಮ ಊರು ನಾಗಮಂಗಲದ ಕಡೆಯದು. ಕನ್ನಂಬಾಡಿ ಕಟ್ಟೆಯ ನಾಲೆ ಮಂಡ್ಯ, ಮದ್ದೂರಿನ ಕಡೆ ಭತ್ತ, ಕಬ್ಬು ತಂದಿತು. ನಮ್ಮದು ಬಹುಪಾಲು ಮಳೆಯನ್ನೇ ನಂಬಿದ ನೆಲ. ಹಾಗಾಗಿ ರಾಗಿ ಉಳಿಯಿತು, ರಾಗಿಯ ಜೊತೆಗೆ ಅಕ್ಕಡಿ ಸಾಲು ಉಳಿಯಿತು. ರಾಗಿಯ ನಡುನಡುವೆ ಇಷ್ಟಿಷ್ಟು ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ನಾಲ್ಕು ಜೋಳದ ಕಡ್ಡಿ ಬಿತ್ತುವ ಪದ್ಧತಿ ಅದು. ರಾಗಿ ಕೈಕೊಟ್ಟರೆ ಅವರೆ ಕೈ ಹಿಡಿಯುತ್ತದೆ. ಕಾಳಿನ ಬೇರು ನೆಲಕ್ಕೆ ಸಾರಜನಕ ಕೂಡಿಸುತ್ತದೆ. ಕೃಷಿ ತಿಳಿದವರು ಅದರ ಲಾಭವನ್ನು ಹೀಗೆ ಹೇಳುತ್ತಾರೆ, ಸರಿಯೇ. ಅಡುಗೆ ಮನೆಯಿಂದ ನೋಡಿದರೆ ನನಗೆ ಕಾಣುವುದು ಬೇರೆ. ಒಂದು ಎಕರೆ ಅಕ್ಕಡಿ ಹೊಲದಲ್ಲಿ ಬಸ್ಸಾರಿನ ಊಟ ಪೂರ್ತಿ ನಿಂತಿರುತ್ತದೆ. ಮುದ್ದೆಯ ರಾಗಿ, ಕಟ್ಟಿನ ಕಾಳು, ಒಗ್ಗರಣೆಯ ಸಾಸಿವೆ, ಕಾಲಡಿಯಲ್ಲಿ ಸೊಪ್ಪು. ಉಪ್ಪು ಮತ್ತು ಹುಣಿಸೆ ಇದ್ದರೆ ಸಾಕು.

ತಂದ ಸೊಪ್ಪಿನ ಕಂತೆ ಬಿಚ್ಚಿದ ಮೇಲೆ ಸೋಸುವುದು. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು ಹಜಾರದಲ್ಲಿ ಬಿದ್ದಿರುವಾಗ ಮೊರದಲ್ಲಿ ಸೊಪ್ಪು ಹರಡಿಕೊಂಡು ಕೂರುವ ಆ ಮುಕ್ಕಾಲು ಗಂಟೆ ನನಗೆ ಪ್ರಿಯವಾದದ್ದು. ಕೆಲಸ ಅಂದರೆ ಕೆಲಸ, ವಿಶ್ರಾಂತಿ ಅಂದರೆ ವಿಶ್ರಾಂತಿ. ಬೇರು ಚಿವುಟಬೇಕು. ಹಳದಿ ಎಲೆ, ಹುಳ ತಿಂದ ಎಲೆ ತೆಗೆಯಬೇಕು. ಆದರೆ ತೂತು ಬಿದ್ದ ಎಲೆಯನ್ನೆಲ್ಲ ಎಸೆಯುವುದು ತಪ್ಪು. ಹುಳಕ್ಕೆ ರುಚಿಸಿದ್ದು ನಮಗೂ ರುಚಿಸುತ್ತದೆ, ಹುಳ ಒಂದು ಹೋಗಿದ್ದರೆ ಆಯಿತು. ದಂಟನ್ನು ಉಗುರಿನಲ್ಲಿ ಅದುಮಿ ನೋಡಬೇಕು. ಟಪ್ಪನೆ ಮುರಿದರೆ ಎಳೆಯದು, ಪಾತ್ರೆಗೆ. ಮುರಿಯದೆ ನಾರು ಎಳೆದುಕೊಂಡು ಬಂದರೆ ಬಲಿತಿದೆ, ಆಚೆಗೆ. ಮೂರು ನೀರಿನಲ್ಲಿ ಅಲುಬಬೇಕು. ಮೂರನೆಯ ನೀರು ಚೆಲ್ಲಿದ ಮೇಲೆ ಬೇಸಿನ್ನಿನ ತಳವನ್ನು ಬೆರಳಲ್ಲಿ ಸವರಿ ನೋಡಿ, ಮರಳು ಸಿಕ್ಕರೆ ನಾಲ್ಕನೆಯ ನೀರು. ಕಟ್ಟನ್ನು ಕುಡಿಯುವವರು ನಾವಾದ್ದರಿಂದ ಇಲ್ಲಿ ಅವಸರ ಕೂಡದು. ಹಲ್ಲಿಗೆ ಒಂದು ಹರಳು ಸಿಕ್ಕರೂ ಊಟವೆಲ್ಲ ಅದರದೇ ನೆನಪು.

ಕಾಳು ಮೊದಲು ಬೇಯಬೇಕು. ನಾಲ್ಕು ಜನಕ್ಕೆ ಒಂದು ಪಾವು ಕಾಳಿಗಿಂತ ಕಡಿಮೆಯೇ ಸಾಕು. ಅಲಸಂದೆ, ಹುರುಳಿಯನ್ನು ರಾತ್ರಿಯೇ ನೆನೆಹಾಕಿದರೆ ಒಳ್ಳೆಯದು. ಹೆಸರುಕಾಳಿಗೆ ಅದೂ ಬೇಡ. ಒಂದೂವರೆ ಲೀಟರಿನಷ್ಟು ನೀರಿಟ್ಟು, ಕುದಿ ಬಂದಾಗ ಕಾಳು ಹಾಕಿ, ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಸೊಪ್ಪು, ಉಪ್ಪು. ಕಾಳು ಬೆರಳ ನಡುವೆ ಹಿಸುಕಿದರೆ ಮೆತ್ತಗಾಗಬೇಕು, ಆದರೆ ಸಿಪ್ಪೆ ಬಿಟ್ಟು ಕರಗಬಾರದು. ಈ ಒಂದು ಗೆರೆಯ ಮೇಲೆ ನಿಂತಿದೆ ಬಸ್ಸಾರಿನ ಹಣೆಬರಹ. ಕಾಳು ಬೇಯದಿದ್ದರೆ ಕಟ್ಟಿಗೆ ರಸ ಇಳಿಯುವುದಿಲ್ಲ. ಹೆಚ್ಚು ಬೆಂದರೆ ನೀರೆಲ್ಲ ಗಂಜಿಯಾಗಿ ಬಸಿಯಲು ಏನೂ ಉಳಿಯುವುದಿಲ್ಲ.

ಮದುವೆಯಾದ ಹೊಸದರಲ್ಲಿ ನಾನು ಕುಕ್ಕರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ ಮೂರು ಕೂಗು ಕೂಗಿಸಿದೆ. ತೆಗೆದು ನೋಡಿದರೆ ಕಾಳು, ಸೊಪ್ಪು, ನೀರು ಒಂದಾಗಿ ಬೂದಿ ಬಣ್ಣದ ಹಿಟ್ಟು. ಅದನ್ನು ಮಸೆದು ಮಸ್ಸೊಪ್ಪು ಮಾಡಿ ಉಂಡೆವು. ಮಸ್ಸೊಪ್ಪಿಗೂ ಅದರದೇ ಘನತೆ ಇದೆ, ಆದರೆ ಅವತ್ತು ಬೇಕಾಗಿದ್ದದ್ದು ಅದಲ್ಲ. ಅಂದಿನಿಂದ ಬಸ್ಸಾರಿಗೆ ನಾನು ಕುಕ್ಕರ್ ಮುಟ್ಟಿಲ್ಲ. ತೆರೆದ ಪಾತ್ರೆಯಲ್ಲೇ ಬೇಯಿಸುತ್ತೇನೆ, ಮುಚ್ಚಳವನ್ನೂ ಹಾಕುವುದಿಲ್ಲ. ಇದಕ್ಕೊಂದು ಕಾರಣವಿದೆ, ಅವ್ವ ಹೇಳದಿದ್ದ ಕಾರಣ. ಎಲೆ ಬೇಯುವಾಗ ಅದರೊಳಗಿನ ಹುಳಿ ಅಂಶ ಆವಿಯ ಜೊತೆ ಹೊರಗೆ ಹೋಗುತ್ತದೆ. ಮುಚ್ಚಿಟ್ಟರೆ ಅದು ವಾಪಸ್ಸು ಎಲೆಗೇ ಬಿದ್ದು ಹಸಿರನ್ನು ಮಂಕು ಮಾಡುತ್ತದೆ. ಹುಣಿಸೆಹಣ್ಣನ್ನೂ ಇದೇ ಕಾರಣಕ್ಕೆ ಈಗಲೇ ಹಾಕಬಾರದು. ಜೊತೆಗೆ, ನೀರಿಗೆ ಹುಳಿ ಬಿದ್ದರೆ ಕಾಳು ಎಷ್ಟು ಹೊತ್ತಾದರೂ ಬೇಯದೆ ಗಟ್ಟಿಯಾಗಿ ಕೂರುತ್ತದೆ. ಹುಣಿಸೆಯ ಜಾಗ ಖಾರದಲ್ಲಿ.

ಸೊಪ್ಪು ಹಾಕಿದ ಮೇಲೆ ಒಲೆಯ ಮುಂದಿನಿಂದ ಅಲುಗಬಾರದು. ಪಾತ್ರೆಯ ತುಂಬ ನಿಂತಿದ್ದ ಸೊಪ್ಪು ಎರಡು ನಿಮಿಷದಲ್ಲಿ ಕುಸಿದು ಹಿಡಿಯಷ್ಟಾಗುತ್ತದೆ. ಹಸಿರು ಒಮ್ಮೆ ಜೋರಾಗಿ ಹೊಳೆದು, ನಂತರ ಆಳಕ್ಕಿಳಿಯುತ್ತದೆ. ನೀರಿನ ಮೇಲೆ ತೆಳ್ಳನೆಯ ನೊರೆ. ಒಂದು ಸೌಟು ಕಟ್ಟನ್ನು ಬಟ್ಟಲಿಗೆ ಹಾಕಿ, ಚಿಟಿಕೆ ಉಪ್ಪು ಉದುರಿಸಿ ಊದಿ ಊದಿ ಕುಡಿದು ನೋಡಿ. ಮೊದಲು ಕಾಳಿನ ಸಿಹಿ. ಅದರ ಹಿಂದೆ ಮಣ್ಣಿನ ತಂಪು. ನುಂಗಿದ ಮೇಲೆ ಗಂಟಲಲ್ಲಿ ಗಣಿಕೆಯ ಒಂದು ಕಹಿಯೆಳೆ ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಸೊಪ್ಪು ಯಾವ ಹೊಲದ್ದು, ಮಳೆ ಬಿದ್ದು ಎಷ್ಟು ದಿನವಾಯಿತು, ಯಾವುದು ಜಾಸ್ತಿ ಬೆರೆತಿದೆ ಎಲ್ಲವೂ ಈ ಒಂದು ಗುಟುಕಿನಲ್ಲಿ ತಿಳಿಯುತ್ತದೆ. ಆಷಾಢದ ಕಟ್ಟು ಬೇರೆ, ಕಾರ್ತಿಕದ ಕಟ್ಟು ಬೇರೆ. ಬೇಸಿಗೆಯಲ್ಲಿ ಬೋರಿನ ನೀರು ಕುಡಿದು ಬೆಳೆದ ದಂಟಿನದು ಇನ್ನೂ ಬೇರೆ, ಕೊಂಚ ಸಪ್ಪೆ. ಆ ಸಪ್ಪೆಯನ್ನು ಮುಚ್ಚಲು ಅವ್ವ ಒಂದು ಹಿಡಿ ಸಬ್ಬಸಿಗೆ ಸೇರಿಸುತ್ತಿದ್ದಳು.

ಇನ್ನು ಖಾರ. ಇದನ್ನು ಮಸಾಲೆ ಎಂದರೆ ನಮ್ಮ ಅಜ್ಜಿಗೆ ಅರ್ಥವಾಗುತ್ತಿರಲಿಲ್ಲ, ಅವಳಿಗೆ ಮಸಾಲೆ ಅಂದರೆ ಚಕ್ಕೆ ಲವಂಗ. ಬಸ್ಸಾರಿಗೆ ಅವು ಸಲ್ಲ. ಒಣಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ದಪ್ಪ ಈರುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಧನಿಯ, ಗೋಲಿಗಾತ್ರದ ಹುಣಿಸೆಹಣ್ಣು, ಒಂದು ಹಿಡಿ ತೆಂಗಿನತುರಿ. ಬಣ್ಣಕ್ಕೆ ಬ್ಯಾಡಗಿ ಆರು, ಖಾರಕ್ಕೆ ಗುಂಟೂರು ಮೂರು. ಬ್ಯಾಡಗಿಯೊಂದನ್ನೇ ಹಾಕಿದರೆ ಸಾರು ಕೆಂಪಗೆ ಚೆಂದ ಕಾಣುತ್ತದೆ, ನಾಲಿಗೆಗೆ ಮಾತ್ರ ಬರೀ ನಯ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಆ ಮೆಣಸಿನಕಾಯಿಯ ಹೆಸರೇ ಬಣ್ಣಕ್ಕೆ, ಖಾರಕ್ಕಲ್ಲ. ಈರುಳ್ಳಿಯನ್ನು ಹೆಚ್ಚಿ ಎಣ್ಣೆಯಲ್ಲಿ ಹುರಿಯುವವರೇ ಈಗ ಹೆಚ್ಚು. ಸೌದೆ ಒಲೆಯಿದ್ದಾಗ ಇಡೀ ಈರುಳ್ಳಿ, ಇಡೀ ಬೆಳ್ಳುಳ್ಳಿಯನ್ನು ಕೆಂಡಕ್ಕೆ ಹಾಕಿ ಸುಡುತ್ತಿದ್ದರು. ಹೊರಗಿನ ಎರಡು ಪದರ ಕರಿದಾಗಿ, ಒಳಗಿನದು ತನ್ನ ನೀರಿನಲ್ಲೇ ಬೆಂದು ಸಿಹಿಯಾಗಿ, ಹಿಚುಕಿದರೆ ಜಾರಿ ಬರುತ್ತಿತ್ತು. ಗ್ಯಾಸ್ ಒಲೆಯ ಉರಿಯ ಮೇಲೆ ಬದನೆಕಾಯಿ ಸುಡುವ ಹಾಗೆ ಈರುಳ್ಳಿಯನ್ನು ಸುಟ್ಟು ನೋಡಿದ್ದೇನೆ. ಹನ್ನೆರಡಾಣೆ ರುಚಿ ಬರುತ್ತದೆ. ನಾಲ್ಕಾಣೆ ಕೆಂಡದ್ದು, ಅದು ಬರುವುದಿಲ್ಲ.

ರುಬ್ಬುವಾಗ ಒಂದು ಗುಟ್ಟಿದೆ. ಬಸಿದ ಸೊಪ್ಪು-ಕಾಳಿನಿಂದ ಒಂದು ಹಿಡಿ ತೆಗೆದು ಖಾರದ ಜೊತೆ ಹಾಕಬೇಕು. ಸಾರಿಗೆ ಮೈ ಬರುವುದು ಅದರಿಂದ. ಹಾಕದಿದ್ದರೆ ಕಟ್ಟು ಒಂದು ಕಡೆ, ಖಾರ ಒಂದು ಕಡೆ, ಬಟ್ಟಲಿನಲ್ಲಿ ಎರಡೂ ಮುಖ ತಿರುಗಿಸಿಕೊಂಡಿರುತ್ತವೆ. ಒರಳಿನಲ್ಲಿ ರುಬ್ಬಿದರೆ ಚೆನ್ನ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಗುಂಡುಕಲ್ಲು ಅರೆಯುತ್ತದೆ, ಮಿಕ್ಸಿಯ ಬ್ಲೇಡು ಕೊಚ್ಚುತ್ತದೆ, ಬಿಸಿ ಬೇರೆ ಮಾಡುತ್ತದೆ. ಆದರೆ ಒರಳಿಲ್ಲದವರು ಬಸ್ಸಾರು ಬಿಡಬೇಕಾಗಿಲ್ಲ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ನೀರಿನ ಬದಲು ಆರಿದ ಕಟ್ಟನ್ನೇ ಚೂರು ಚೂರು ಹಾಕುತ್ತ ರುಬ್ಬಿದರೆ ಸಾಕು. ತೀರಾ ನುಣ್ಣಗಾಗಬಾರದು. ಜೀರಿಗೆಯ ತರಿ ಬೆರಳಿಗೆ ಸಿಗುವಂತಿರಬೇಕು.

ಮಂಡ್ಯದ ಉಪ್ಸಾರಿನವರು ಇಲ್ಲಿ ಬೇರೆ ದಾರಿ ಹಿಡಿಯುತ್ತಾರೆ. ಅವರು ಕಟ್ಟಿಗೆ ಖಾರ ಬೆರೆಸುವುದೇ ಇಲ್ಲ. ಉಪ್ಪು ಹಾಕಿ ಬೇಯಿಸಿದ ಕಟ್ಟು ಹಾಗೇ ತಟ್ಟೆಗೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಿಸೆ ಅರೆದ ಖಾರ ಗೋಲಿಯಷ್ಟು ತಟ್ಟೆಯ ಅಂಚಿಗೆ. ಅವರವರ ನಾಲಿಗೆಗೆ ತಕ್ಕಷ್ಟು ಬೆರಳಲ್ಲಿ ಕದಡಿಕೊಳ್ಳುವುದು. ಒಂದೇ ಪಂಕ್ತಿಯಲ್ಲಿ ಕೂತ ಮಗುವಿಗೂ ಮುದುಕನಿಗೂ ಒಂದೇ ಸಾರು, ಬೇರೆ ಬೇರೆ ಖಾರ. ಕಟ್ಟಿನ ಮೇಲೆ ಅವರಿಗಿರುವ ನಂಬಿಕೆ ನಮಗಿಂತ ದೊಡ್ಡದು ಎನ್ನಿಸುತ್ತದೆ ನನಗೆ.

ರುಬ್ಬಿದ್ದು ಕಟ್ಟಿಗೆ ಸೇರಿ ಕುದಿಯುವಾಗ ಹಸಿ ವಾಸನೆ ಹೋಗುವವರೆಗೆ ಕಾಯಬೇಕು. ನಂತರ ಒಗ್ಗರಣೆ: ಎಣ್ಣೆ ಕಾದು ಸಾಸಿವೆ ಸಿಡಿದು, ಜಜ್ಜಿದ ಬೆಳ್ಳುಳ್ಳಿಯ ಅಂಚು ಕೆಂಪಾಗಿ, ಕರಿಬೇವು ಚಟಚಟ ಎಂದಾಗ ಸೌಟನ್ನೇ ಸಾರಿನೊಳಗೆ ಮುಳುಗಿಸಿಬಿಡುವುದು. "ಚೊಯ್" ಎಂಬ ಆ ಶಬ್ದಕ್ಕೆ ಮನೆಯಲ್ಲಿ ಎಲ್ಲಿದ್ದವರೂ ಅಡುಗೆ ಮನೆಯ ಕಡೆಗೆ ತಿರುಗುತ್ತಾರೆ. ಪಲ್ಯದ ಕೆಲಸ ಐದೇ ನಿಮಿಷದ್ದು. ಈರುಳ್ಳಿ, ಹಸಿಮೆಣಸಿನಕಾಯಿ, ಸೊಪ್ಪು-ಕಾಳು, ಮೇಲೆ ಕಾಯಿತುರಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತನ್ನ ರಸವನ್ನೆಲ್ಲ ಕಟ್ಟಿಗೆ ಬಿಟ್ಟುಕೊಟ್ಟ ಮೇಲೂ ಅದು ಅಷ್ಟು ರುಚಿಯಾಗಿರುವುದೇ ಹೆಚ್ಚು.

ಅಂಗಡಿಯಲ್ಲಿ ಬಸ್ಸಾರಿನ ಪುಡಿ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಅಂಥದ್ದೊಂದು ಪೊಟ್ಟಣ ತಂದು, ನಲ್ಲಿಯ ನೀರಿನಲ್ಲಿ ಕದಡಿ ಕುದಿಸಿದ್ದೆ. ಮೆಣಸಿನಕಾಯಿ ಇತ್ತು, ಜೀರಿಗೆ ಇತ್ತು, ಬೆಳ್ಳುಳ್ಳಿಯ ವಾಸನೆಯೂ ಇತ್ತು. ಎರಡು ತುತ್ತಿಗೆ ಕೈ ನಿಂತಿತು. ಏನು ಇಲ್ಲವೆಂದು ಅವತ್ತು ತಿಳಿಯಲಿಲ್ಲ, ಮನೆಯ ನೆನಪಿನಿಂದ ಹಾಗಾಗುತ್ತಿದೆ ಅಂದುಕೊಂಡೆ. ಊರಿಗೆ ಹೋದಾಗ ಅವ್ವ ಬಸಿಯುತ್ತಿದ್ದುದನ್ನು ಪಕ್ಕದಲ್ಲಿ ನಿಂತು ನೋಡಿದ ಮೇಲೆ ತಿಳಿಯಿತು. ಪೊಟ್ಟಣದಲ್ಲಿ ಖಾರ ಇತ್ತು, ಕಟ್ಟು ಇರಲಿಲ್ಲ. ಅದು ಇರುವುದಕ್ಕೂ ಸಾಧ್ಯವಿಲ್ಲ. ಈ ಬೆಳಿಗ್ಗೆ ಕಿತ್ತ ಸೊಪ್ಪು ಈ ಮಧ್ಯಾಹ್ನ ಬೆಂದು ಬಿಟ್ಟ ನೀರನ್ನು ಒಣಗಿಸಿ ತುಂಬಲು ಬರುವುದಿಲ್ಲ.

ಸಿದ್ಧ ಅಡುಗೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬೆಂಗಳೂರಿಗೂ ಅದಕ್ಕೂ ಹಳೆಯ ನಂಟಿದೆ, ಗೌರವದ ನಂಟು. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಬೇಯಿಸಿತು. ತುರ್ತು ಪರಿಸ್ಥಿತಿಯಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ, ಕೈಕೆಳಗಿನ ಕೆಲಸಗಾರರ ಹೊಟ್ಟೆಪಾಡಿಗೆ ಪುಡಿಗಳನ್ನೂ ಮಿಶ್ರಣಗಳನ್ನೂ ಮಾಡಿ ಮಾರಲು ಶುರುಮಾಡಿತು. ಇಕ್ಕಟ್ಟಿನಲ್ಲಿ ಹುಟ್ಟಿದ ಜಾಣ್ಮೆ ಅದು. ಸಾರಿನ ಪುಡಿ, ಪುಳಿಯೋಗರೆ ಗೊಜ್ಜು ನಮ್ಮ ಅಜ್ಜಿಯರೂ ವರ್ಷಕ್ಕಾಗುವಷ್ಟು ಮಾಡಿ ಭರಣಿಯಲ್ಲಿಟ್ಟವರೇ. ಇಡಬಹುದಾದದ್ದನ್ನು ಇಟ್ಟರು. ಕಟ್ಟು ಮಾತ್ರ ಇಡುವ ಜಾತಿಯದಲ್ಲ.

ಹೊತ್ತಿಲ್ಲ ಎನ್ನುವವರ ಮಾತು ಸುಳ್ಳಲ್ಲ. ಸೊಪ್ಪು ಸೋಸುವುದಕ್ಕೆ ಹೊತ್ತು ಬೇಕು, ಅದನ್ನು ಯಾರು ಸೋಸಬೇಕು ಎಂಬುದೂ ಕೇಳಬೇಕಾದ ಪ್ರಶ್ನೆಯೇ. ನಮ್ಮ ಮನೆಯಲ್ಲಿ ಮೊರವನ್ನು ನಡುವೆ ಇಟ್ಟು ಮೂವರೂ ಕೂರುತ್ತೇವೆ. ಮಗ ದಂಟು ಮುರಿಯುವ ಶಬ್ದಕ್ಕಾಗಿ ಬರುತ್ತಾನೆ, ಯಜಮಾನರು ಹಳದಿ ಎಲೆ ಹುಡುಕುವುದರಲ್ಲಿ ನನಗಿಂತ ಚುರುಕು. ಸೋಸಿ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಫ್ರಿಜ್ಜಿನಲ್ಲಿ ಮಾರನೆಯ ದಿನಕ್ಕೂ ನಿಲ್ಲುತ್ತದೆ. ಒಲೆ ಹಚ್ಚಿದ ಮೇಲೆ ಐವತ್ತು ನಿಮಿಷ. ಸಾರು ಕುದಿಯುವಷ್ಟರಲ್ಲಿ ಮುದ್ದೆ.

ಮುದ್ದೆಯಿಲ್ಲದೆ ಬಸ್ಸಾರಿನ ಮಾತು ಮುಗಿಯುವುದಿಲ್ಲ. ಎಸರು ಕುದಿಗೆ ಬಂದಾಗ ಒಂದು ಚಮಚ ಹಿಟ್ಟನ್ನು ನೀರಲ್ಲಿ ಕಲೆಸಿ ಬಿಡುವುದು. ಎಸರು ಗಂಜಿಯಂತೆ ನುಣ್ಣಗಾಗಿ ಉಕ್ಕುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುವುದು. ಆಗ ಕೈಯಾಡಿಸಬಾರದು. ಹಿಟ್ಟಿನ ಗುಡ್ಡೆಯ ನಡುವೆ ಕೋಲಿನಿಂದ ಒಂದು ತೂತು ಮಾಡಿ, ಉರಿ ಸಣ್ಣಗೆ ಮಾಡಿ ಬಿಟ್ಟರೆ ಎಸರು ಆ ತೂತಿನಿಂದ ಬುಸುಗುಡುತ್ತ ಮೇಲೆ ಬಂದು ಹಿಟ್ಟನ್ನು ಒಳಗಿನಿಂದ ಬೇಯಿಸುತ್ತದೆ. ಹಿಟ್ಟಿನ ಮೈ ಬಿರಿದು ಬಣ್ಣ ಕಪ್ಪೇರಿದಾಗ ಇಳಿಸಿ, ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು, ಮುದ್ದೆ ಕೋಲಿನಿಂದ ತೊಳಸುವುದು. ಅವ್ವ ನೆಲದ ಮೇಲೆ ಕೂತು ಕವೆಗೋಲಿನ ಎರಡು ತುದಿಯನ್ನೂ ಪಾದದಿಂದ ಒತ್ತಿ ಹಿಡಿಯುತ್ತಿದ್ದಳು. ತೊಳಸುವಾಗ ಅವಳ ಭುಜದಿಂದ ಹೊಟ್ಟೆಯವರೆಗೆ ಎಲ್ಲವೂ ಕೆಲಸ ಮಾಡುತ್ತಿತ್ತು. ಒಂದು ಗಂಟೂ ಉಳಿಯಬಾರದು. ಒದ್ದೆ ಮಾಡಿದ ಮಣೆಯ ಮೇಲೆ ಸುರಿದು, ಕೈಯನ್ನು ನೀರಿಗದ್ದಿ, ಸುಡುವ ಹಿಟ್ಟನ್ನು ಅಂಗೈಯಡಿ ಉರುಳಿಸುತ್ತ ಹೋದರೆ ಕೊನೆಗೆ ಅದರ ಮೈಗೆ ಹೊಳಪು ಬರುತ್ತದೆ, ಎಣ್ಣೆ ಹಚ್ಚಿದ ಕಲ್ಲಿನ ಹಾಗೆ. ಆ ಹೊಳಪು ಬಂದರೆ ಮುದ್ದೆ ಬೆಂದಿದೆ.

ಈ ರಾಗಿಗೂ ದೂರದ ಕತೆಯಿದೆ. ಅದರ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದು ನಮ್ಮದೇ ಆಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ನಮ್ಮಪ್ಪ ಕಣದಲ್ಲಿ ರಾಶಿಯ ಮುಂದೆ ನಿಂತು "ಇಂಡಾಪು" ಎನ್ನುತ್ತಿದ್ದರು, ಅದು ಯಾವುದೋ ದೇವರ ಹೆಸರೆಂದು ನಾನು ತಿಳಿದಿದ್ದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಸೊಪ್ಪು ಬೇಯುವಾಗ ನೀರಿಗೆ ಇಳಿಯುವ ಜೀವಸತ್ವ, ಲವಣಗಳೂ ಕಟ್ಟಿನಲ್ಲಿ ಉಳಿಯುತ್ತವೆ. ಇವೆಲ್ಲ ನಿಜ. ಆದರೆ ಔಷಧಿಯೆಂದು ಹೇಳಿ ಬಸ್ಸಾರನ್ನು ಯಾರಿಗೂ ಉಣಿಸಬೇಕಾಗಿಲ್ಲ. ರುಚಿಯೇ ಸಾಕು.

ಉಣ್ಣುವುದು ಹೀಗೆ. ಮುದ್ದೆಯ ನೆತ್ತಿಯಲ್ಲಿ ಬೆರಳಿನಿಂದ ಗುಳಿ ಮಾಡಿ ಒಂದು ಮಿಳ್ಳೆ ತುಪ್ಪ. ಪಕ್ಕದಲ್ಲಿ ಸಾರು, ಬಟ್ಟಲಿನಲ್ಲಲ್ಲ, ತಟ್ಟೆಯಲ್ಲೇ, ಮುದ್ದೆಯ ಬುಡ ನೆನೆಯುವಷ್ಟು. ಒಂದು ಚೂರು ಮುರಿದು, ಬೆರಳ ತುದಿಯಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ಪಲ್ಯದ ನಾಲ್ಕು ಕಾಳು ಅಂಟಿಸಿಕೊಂಡು ಬಾಯಿಗೆ. ಅಗಿಯಬಾರದು, ನುಂಗಬೇಕು. ಮುದ್ದೆಗೆ ತನ್ನದೆಂದು ಹೇಳಿಕೊಳ್ಳುವ ರುಚಿ ಕಡಿಮೆ, ಅದು ಸಾರನ್ನು ಹೊತ್ತು ಗಂಟಲವರೆಗೆ ಒಯ್ಯುತ್ತದೆ. ನಾಲಿಗೆಯ ತುದಿಗೆ ಹುಳಿ, ನಡುವೆ ಸುಟ್ಟ ಈರುಳ್ಳಿಯ ಸಿಹಿ, ಹಿಂದೆ ಬೆಳ್ಳುಳ್ಳಿ, ಎಲ್ಲ ಇಳಿದ ಮೇಲೆ ಕಟ್ಟಿನ ಆ ತಂಪು ಕಹಿ. ನಾಲ್ಕನೆಯ ತುತ್ತಿಗೆ ಹಣೆಯಲ್ಲಿ ಬೆವರು ಮೂಡುತ್ತದೆ.

ಕಟ್ಟನ್ನು ಚೆಲ್ಲಬಾರದೆಂಬ ತಿಳಿವಳಿಕೆ ನಮ್ಮ ಕಡೆಯದಷ್ಟೇ ಅಲ್ಲ. ಹಬ್ಬದ ದಿನ ಒಬ್ಬಟ್ಟಿಗೆ ಬೇಯಿಸಿದ ಬೇಳೆಯ ನೀರು ಒಬ್ಬಟ್ಟಿನ ಸಾರಾಗುತ್ತದೆ. ಧಾರವಾಡ, ಬೆಳಗಾವಿಯ ಕಡೆ ಅದೇ ಕಟ್ಟಿನ ಸಾರು. ಅಲ್ಲಿ ಕಡಲೆಬೇಳೆ, ಬೆಲ್ಲ, ಇಲ್ಲಿ ತೊಗರಿಬೇಳೆ. ಹೋಳಿಗೆ ತಿಂದು ಜಡವಾದ ನಾಲಿಗೆಯನ್ನು ಎಬ್ಬಿಸುವ ಸಾರು ಅದು. ಹುರುಳಿಯದು ಇನ್ನೂ ಚೆಂದ. ಉಳುವ ಎತ್ತುಗಳಿಗೆ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯಿಸುತ್ತಿದ್ದರು. ಕಾಳು ಕೊಟ್ಟಿಗೆಗೆ, ಕಟ್ಟು ಅಡುಗೆ ಮನೆಗೆ. ಉಳುಮೆಯ ದಿನ ಮನೆಮಂದಿಗೂ ಎತ್ತಿಗೂ ಒಂದೇ ಮಡಕೆಯ ಊಟ. ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಮಡಕೆ ಚಿಕ್ಕದಾಯಿತು, ಸಾರು ಉಳಿಯಿತು.

ಮತ್ತೊಂದು ಮಾತು. ಬಸ್ಸಾರು ಮಾಡಿದ ದಿನಕ್ಕಿಂತ ಮಾರನೆಯ ದಿನ ರುಚಿ. ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಕಾಸಿದರೆ ಕೆಡುವುದಿಲ್ಲ, ಗಟ್ಟಿಯಾಗುತ್ತ ಹೋಗುತ್ತದೆ. ಹುಳಿ, ಖಾರ, ಕಾಳಿನ ಸಿಹಿ ಮೂರೂ ಜಗಳ ಬಿಟ್ಟು ಒಂದಾಗುತ್ತವೆ. ಬೇಸಾಯದ ಮನೆಯಲ್ಲಿ ಕೆಲಸಕ್ಕೆ ಬಿಡುವಿಲ್ಲದ ದಿನಗಳಿಗೆಂದೇ ಅದನ್ನು ಒಂದು ಪಾತ್ರೆ ಹೆಚ್ಚಾಗಿ ಮಾಡಿಡುತ್ತಿದ್ದರು. ಹೊಲದಿಂದ ಬಂದವರು ಮುದ್ದೆ ಕಟ್ಟಿ, ಸಾರು ಬಿಸಿ ಮಾಡಿಕೊಂಡರೆ ಊಟ.

ಮೂರನೆಯ ದಿನದ ಬೆಳಿಗ್ಗೆ ಚಟ್ಟಿಯಲ್ಲಿ ಉಳಿದಿರುತ್ತಿದ್ದದ್ದು ಒಂದೂವರೆ ಸೌಟು. ಕಾಸಿ ಕಾಸಿ ಅಂಚಿಗೆಲ್ಲ ಕಂದು ಬಣ್ಣದ ಪದರ ಹತ್ತಿರುತ್ತಿತ್ತು. ಅವ್ವ ಅದಕ್ಕೆ ಆಗತಾನೆ ಬಸಿದ ಬಿಸಿ ಅನ್ನವನ್ನು ಹಾಕಿ, ಒಂದು ಚಮಚ ತುಪ್ಪ ಬಿಟ್ಟು, ಚಟ್ಟಿಯ ಗೋಡೆಯನ್ನೆಲ್ಲ ಅನ್ನದಿಂದಲೇ ತಿಕ್ಕಿ ಒರೆಸುತ್ತ ಕಲೆಸುತ್ತಿದ್ದಳು. ಅಕ್ಕ, ನಾನು, ತಮ್ಮ ಸುತ್ತ ಕೂರುತ್ತಿದ್ದೆವು. ತಟ್ಟೆ ಇರಲಿಲ್ಲ. ಒಬ್ಬೊಬ್ಬರ ಅಂಗೈಗೆ ಒಂದೊಂದು ತುತ್ತು, ಸರದಿಯಂತೆ. ತಮ್ಮ ಅಂಗೈ ನೆಕ್ಕುವಷ್ಟರಲ್ಲಿ ಮುಂದಿನ ತುತ್ತು ಬಂದಿರುತ್ತಿತ್ತು. ಚಟ್ಟಿ ಬರಿದಾದ ಮೇಲೆ ಅವ್ವ ಅದಕ್ಕೆ ಒಂದು ಲೋಟ ಬಿಸಿನೀರು ಸುರಿದು, ಗಿರಗಿರ ತಿರುಗಿಸಿ, ತಾನು ಕುಡಿಯುತ್ತಿದ್ದಳು.